ಕಪ್ಪು ನಾಯಿಗೆ ಹಳದಿ ಮರಿ ಹೇಗೆ ಹುಟ್ಟುತ್ತದೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಪಕ್ಕದ ಮನೆ ಅಂಕಲ್ ಅವರ ಲ್ಯಾಬ್ರಡಾರ್ ನಾಯಿ ಎಂಟು ಮರಿ ಹಾಕಿತು. ತಾಯಿ ಅಚ್ಚ ಕಪ್ಪು. ತಂದೆ ಅಂಕಲ್ ಅವರ ಹಳೆಯ ಸ್ನೇಹಿತರೊಬ್ಬರ ನಾಯಿ, ಅದೂ ಅಚ್ಚ ಕಪ್ಪು. ಆದರೆ ಮರಿಗಳಲ್ಲಿ ಐದು ಕಪ್ಪು, ಎರಡು ಹಳದಿ, ಒಂದು ಚಾಕೊಲೇಟ್ ಬಣ್ಣದ್ದು.

ಮರಿ ನೋಡಲು ಬಂದ ಸ್ನೇಹಿತರ ಮುಖ ಬಾಡಿತು. "ಇವು ನನ್ನ ನಾಯಿಯ ಮರಿಗಳಲ್ಲ. ನೀವು ಗೇಟ್ ಹಾಕಿರಲಿಲ್ಲ, ಯಾವುದೋ ಬೀದಿ ನಾಯಿ ಒಳಗೆ ಬಂದಿದೆ" ಎಂದರು. ಮಾತಿನ ಪ್ರಕಾರ ಅವರಿಗೆ ಒಂದು ಮರಿ ಸಲ್ಲಬೇಕಿತ್ತು. ಅದೂ ಬೇಡವೆಂದು, ಮರಿಗಳ ನೋಂದಣಿ ಕಾಗದಕ್ಕೆ ಸಹಿ ಹಾಕದೆ ಹೊರಟುಹೋದರು. ಅಂಕಲ್ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸುಳ್ಳುಗಾರ ಅನ್ನಿಸಿಕೊಂಡೆನಲ್ಲ ಎಂಬುದೇ ಅವರ ನೋವು.

ನಾನು ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಜೀವಶಾಸ್ತ್ರಕ್ಕೂ ನನಗೂ ಹತ್ತನೇ ತರಗತಿಯಲ್ಲೇ ಖುದಾ ಹಾಫಿಜ್ ಆಗಿತ್ತು. ಆದರೆ ಆ ಮರಿಗಳ ಲೆಕ್ಕದ ಪುಸ್ತಕ ಬರೆಯುತ್ತಿದ್ದದ್ದು ನಾನು. ಹಾಗಾಗಿ ಈ ಜಗಳ ನನ್ನ ತಲೆಗೂ ಬಂತು.

ನಮ್ಮ ಮನೆಯಲ್ಲಿ ನಾಯಿ ಸಾಕುವುದಿಲ್ಲ. ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜ್ ಆಗುವುದಿಲ್ಲವೆಂದು ಅಮ್ಮಿ ಒಂದು ಹಳೆಯ ಜೊತೆ ಬಟ್ಟೆಯನ್ನು ಅದಕ್ಕೆಂದೇ ತೆಗೆದಿಟ್ಟಿದ್ದರು. ಬಾಯಾರಿದ ನಾಯಿಗೆ ನೀರು ಕುಡಿಸಿದವನ ಪಾಪವನ್ನು ಅಲ್ಲಾಹನು ಮನ್ನಿಸಿದ ಹದೀಸನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದವರೂ ಅಮ್ಮಿಯೇ. ಆದ್ದರಿಂದ ಹೋಗಬೇಡ ಎನ್ನಲಿಲ್ಲ.

ದಿನಾ ಬೆಳಿಗ್ಗೆ ಎಂಟೂ ಮರಿಗಳನ್ನು ಅಡುಗೆ ಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆಯುವುದು ನನ್ನ ಕೆಲಸ. ಐದು ಕಪ್ಪು ಮರಿಗಳು ಒಂದೇ ತರಹ ಕಾಣುತ್ತಿದ್ದವು. ಅವುಗಳ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಸಡಿಲವಾಗಿ ಕಟ್ಟಿದೆವು. ಮೊದಲ ಎರಡು ವಾರ ಮರಿಗಳಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲೂ ಆಗುವುದಿಲ್ಲ. ಯಾವ ಮರಿಯ ತೂಕ ಏರುತ್ತಿಲ್ಲವೋ ಅದಕ್ಕೆ ಹಾಲು ಸಿಗುತ್ತಿಲ್ಲ ಎಂದು ಅರ್ಥ. ಅದನ್ನು ಹುಡುಕಿ ತಾಯಿಯ ಹತ್ತಿರ ಇಡಬೇಕು. ಇದನ್ನೆಲ್ಲ ತೋರಿಸುವುದು ಆ ಪುಸ್ತಕದ ಅಂಕಿಗಳು, ಬಣ್ಣವಲ್ಲ.

ಈಗ ಬಣ್ಣದ ವಿಷಯಕ್ಕೆ ಬರೋಣ. ನಾಯಿಯ ಕೂದಲಿನಲ್ಲಿ ಇರುವುದು ಎರಡೇ ಬಗೆಯ ವರ್ಣದ್ರವ್ಯ. ಒಂದು ಯೂಮೆಲನಿನ್, ಇದು ಕಪ್ಪು ಅಥವಾ ಕಂದು. ಇನ್ನೊಂದು ಫಿಯೋಮೆಲನಿನ್, ಇದು ಹಳದಿಯಿಂದ ಕೆಂಪಿನವರೆಗೆ. ಲ್ಯಾಬ್ರಡಾರ್‌ನ ಮೂರು ಬಣ್ಣಗಳನ್ನು ಮುಖ್ಯವಾಗಿ ನಿರ್ಧರಿಸುವುದು ಎರಡು ಜೀನ್‌ಗಳು.

ಮೊದಲನೆಯದನ್ನು ಬಿ ಎನ್ನುತ್ತಾರೆ. ಗಾಢ ಬಣ್ಣ ಕಪ್ಪಾಗಬೇಕೋ ಕಂದಾಗಬೇಕೋ ಎಂಬುದನ್ನು ಇದು ನಿರ್ಧರಿಸುತ್ತದೆ. ಎರಡನೆಯದು ಇ. ಇದೊಂದು ಸ್ವಿಚ್ ಇದ್ದಂತೆ. ಸ್ವಿಚ್ ಆನ್ ಇದ್ದರೆ ಗಾಢ ಬಣ್ಣ ಕೂದಲಿಗೆ ಬರುತ್ತದೆ. ಆಫ್ ಆಗಿದ್ದರೆ ಕೂದಲಿಗೆ ಹಳದಿಯೇ ಗತಿ, ಬಿ ಜೀನ್ ಏನೇ ಹೇಳಲಿ. ಹಳದಿ ಲ್ಯಾಬ್ರಡಾರ್‌ನ ಮೂಗು ಕಪ್ಪಗಿರುವುದನ್ನು ನೀವು ನೋಡಿರಬಹುದು. ಆ ಸ್ವಿಚ್ ಕೂದಲಿಗೆ ಮಾತ್ರ, ಮೂಗಿನ ಚರ್ಮಕ್ಕಲ್ಲ.

ನಮ್ಮ ಅಕೌಂಟೆನ್ಸಿಯಲ್ಲಿ ಪ್ರತಿ ವ್ಯವಹಾರಕ್ಕೂ ಎರಡು ನಮೂದು ಇರುವಂತೆ, ಪ್ರತಿ ಮರಿಗೂ ಪ್ರತಿ ಜೀನ್‌ನ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಕಪ್ಪಿನ ಒಂದು ಪ್ರತಿ ಇದ್ದರೂ ಸಾಕು, ಅದು ಕಂದನ್ನು ಮುಚ್ಚಿಬಿಡುತ್ತದೆ. ಸ್ವಿಚ್ ಆನ್ ಎನ್ನುವ ಒಂದು ಪ್ರತಿ ಇದ್ದರೂ ಸಾಕು, ಅದು ಆಫ್ ಪ್ರತಿಯನ್ನು ಮುಚ್ಚುತ್ತದೆ. ಮುಚ್ಚಿದ್ದು ಅಳಿಸಿಹೋಗುವುದಿಲ್ಲ. ಹಿಂದಿನ ಪುಟದ ಬಾಕಿಯಂತೆ ಮುಂದಿನ ಪೀಳಿಗೆಗೆ ಹೋಗುತ್ತದೆ. ಹತ್ತನೇ ತರಗತಿಯಲ್ಲಿ ಮೆಂಡೆಲ್‌ನ ಬಟಾಣಿ ಗಿಡದಲ್ಲಿ ನಾವು ಓದಿದ್ದೂ ಇದೇ.

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳತಿಯನ್ನು ಕೇಳಿದೆ. ಅವಳು 16 ಚೌಕ ಬರೆದು ತೋರಿಸಿದಳು. ಕಪ್ಪು ತಂದೆ ತಾಯಿ ಇಬ್ಬರಲ್ಲೂ ಕಂದು ಮತ್ತು ಹಳದಿ ಎರಡೂ ಅಡಗಿದ್ದರೆ, 16ರಲ್ಲಿ 9 ಕಪ್ಪು, 3 ಚಾಕೊಲೇಟ್, 4 ಹಳದಿ. ಎಂಟು ಮರಿಗೆ ಇದರ ಅರ್ಧ, ಅಂದರೆ ನಾಲ್ಕೂವರೆ, ಒಂದೂವರೆ, ಎರಡು. ಅರ್ಧ ಮರಿ ಹುಟ್ಟುವುದಿಲ್ಲವಲ್ಲ! ನಮ್ಮಲ್ಲಿ ಹುಟ್ಟಿದ್ದು ಐದು, ಒಂದು, ಎರಡು. ಇದು ಸರಾಸರಿ ಲೆಕ್ಕ ಮಾತ್ರ. ನಾಣ್ಯ ಚಿಮ್ಮಿದ ಹಾಗೆ ಬೇರೆ ಸಲ ಎಂಟೂ ಕಪ್ಪಾಗಬಹುದು.

ಇದು ಹೊಸ ಸಂಗತಿಯೂ ಅಲ್ಲ. ದಾಖಲೆಯಲ್ಲಿರುವ ಮೊದಲ ಹಳದಿ ಲ್ಯಾಬ್ರಡಾರ್ ಬೆನ್ ಆಫ್ ಹೈಡ್ ಇಂಗ್ಲೆಂಡಿನಲ್ಲಿ 1899ರಲ್ಲೇ ಹುಟ್ಟಿತ್ತು. ಆಗ ಲ್ಯಾಬ್ರಡಾರ್ ಎಂದರೆ ಕಪ್ಪು ಎಂದೇ ಜನ ತಿಳಿದಿದ್ದರು. ಸ್ನೇಹಿತರ ಅನುಮಾನ ಬೇರೆ ಸಂದರ್ಭದಲ್ಲಿ ಸರಿ ಇರುತ್ತಿತ್ತು. ಎರಡು ಹಳದಿ ನಾಯಿಗಳಿಗೆ ಕಪ್ಪು ಮರಿ ಹುಟ್ಟಿದರೆ ಗೇಟಿನ ಕಡೆ ನೋಡಬೇಕು. ಎರಡು ಚಾಕೊಲೇಟ್ ನಾಯಿಗಳಿಗೆ ಕಪ್ಪು ಮರಿ ಹುಟ್ಟಿದರೂ ಹಾಗೆಯೇ. ಏಕೆಂದರೆ ಕೊಡಲು ಬೇಕಾದ ಪ್ರತಿಯೇ ಅವುಗಳಲ್ಲಿ ಇರುವುದಿಲ್ಲ.

ಅಂಕಲ್ ಆ ಚೌಕಗಳ ಹಾಳೆ ಹಿಡಿದು ಸ್ನೇಹಿತರ ಮನೆಗೆ ಹೋದರು, ನಾನೂ ಅಬ್ಬಾನೂ ಜೊತೆಗೆ ಹೋದೆವು. ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ನಾಯಿಯ ತಾಯಿ ಯಾವ ಬಣ್ಣ?" ಅವರು ಮೊಬೈಲಿನಲ್ಲಿ ಹುಡುಕಿ ಹಳೆಯ ಫೋಟೊ ತೆಗೆದರು. ಹಳದಿ! ಹಳದಿ ತಾಯಿಯ ಬಳಿ ಕೊಡಲು ಆಫ್ ಪ್ರತಿ ಬಿಟ್ಟು ಬೇರೆ ಇಲ್ಲ. ಹಾಗಾದರೆ ಅವರ ಕಪ್ಪು ನಾಯಿಯಲ್ಲಿ ಹಳದಿ ಅಡಗಿರಲೇಬೇಕು. ಇದು ಡಿಎನ್‌ಎ ಪರೀಕ್ಷೆಯಷ್ಟು ಖಚಿತ ಸಾಕ್ಷಿಯಲ್ಲ, ಅದನ್ನೂ ಹೇಳಿದೆ. ಆದರೆ ಬಣ್ಣ ನೋಡಿ ಒಬ್ಬರನ್ನು ಸುಳ್ಳುಗಾರ ಎನ್ನಲು ಯಾವ ಆಧಾರವೂ ಉಳಿದಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಚಹಾ ಮಾಡಲು ಹೇಳಿದರು. ಮುಂದಿನ ಭಾನುವಾರ ಬಂದು ಸಹಿ ಹಾಕಿದರು.

ಆಮೇಲೆ ಕೊಳ್ಳುವವರ ಫೋನ್ ಶುರುವಾಯಿತು. ಅನೇಕರಿಗೆ ಚಾಕೊಲೇಟ್ ಮರಿಯೇ ಬೇಕು, ಹೆಚ್ಚು ದುಡ್ಡು ಕೊಡಲೂ ಸಿದ್ಧ. ಪೂರೈಕೆ ಕಡಿಮೆ, ಬೇಡಿಕೆ ಹೆಚ್ಚು, ಬೆಲೆ ಏರುತ್ತದೆ: ಅರ್ಥಶಾಸ್ತ್ರದ ಪಾಠ ಸರಿ. ಆದರೆ ಕೊಡುವ ಹೆಚ್ಚಿನ ಹಣಕ್ಕೆ ಏನು ಸಿಗುತ್ತದೆ? ಬ್ರಿಟನ್ನಿನ 33 ಸಾವಿರಕ್ಕೂ ಹೆಚ್ಚು ಲ್ಯಾಬ್ರಡಾರ್‌ಗಳ ಚಿಕಿತ್ಸಾ ದಾಖಲೆ ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಾಕೊಲೇಟ್ ನಾಯಿಗಳ ಮಧ್ಯಮ ಆಯುಷ್ಯ 10.7 ವರ್ಷ, ಉಳಿದ ಬಣ್ಣದವುಗಳದು 12.1 ವರ್ಷ. ಕಿವಿ ಮತ್ತು ಚರ್ಮದ ಕಾಯಿಲೆಯೂ ಅವುಗಳಲ್ಲಿ ಹೆಚ್ಚು ಕಂಡಿತ್ತು. ಬಣ್ಣಕ್ಕಾಗಿಯೇ ಆರಿಸಿ ತಳಿ ಮಾಡುವಾಗ ಜೀನ್‌ಗಳ ಬಳಗ ಕಿರಿದಾಗುವುದು ಇದಕ್ಕೆ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಪ್ರತಿ ಚಾಕೊಲೇಟ್ ಮರಿಯೂ ರೋಗಿ ಎಂದು ಇದರ ಅರ್ಥವಲ್ಲ. ಬಣ್ಣಕ್ಕೆ ಕೊಟ್ಟ ಹಣ ಆರೋಗ್ಯಕ್ಕೆ ಕೊಟ್ಟ ಹಣವಲ್ಲ ಎಂದಷ್ಟೇ.

ನಿಮ್ಮಲ್ಲಿ ಯಾರಾದರೂ ಮರಿ ಕೊಳ್ಳುವುದಾದರೆ ಬಣ್ಣ ಕೇಳುವ ಮೊದಲು ತಾಯಿ ನಾಯಿಯನ್ನು ತೋರಿಸಲು ಹೇಳಿ. ಲಸಿಕೆ ಚೀಟಿ ಮತ್ತು ತೂಕದ ಲೆಕ್ಕ ಕೇಳಿ. ತಂದೆ ತಾಯಿಯ ಸೊಂಟದ ಕೀಲು ಚೆನ್ನಾಗಿದೆಯೇ ಎಂದು ವಿಚಾರಿಸಿ, ಲ್ಯಾಬ್ರಡಾರ್‌ಗಳಿಗೆ ಆ ತೊಂದರೆ ಬರುವುದುಂಟು. 8 ವಾರ ತುಂಬದ ಮರಿಯನ್ನು ಮಾರುವುದಕ್ಕೆ 2017ರ ಕೇಂದ್ರ ಸರ್ಕಾರದ ನಿಯಮಗಳಲ್ಲಿ ಅವಕಾಶವಿಲ್ಲ ಎಂಬುದೂ ನೆನಪಿರಲಿ.

ನಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಬೆಲೆಯ ಕಾಲಂ ಇದೆ. ಚಾಕೊಲೇಟ್ ಮರಿಗೆ ಎಷ್ಟು ಬರೆಯಲಿ ಎಂದು ಕೇಳಿದೆ. ಅಂಕಲ್ "ಎಲ್ಲದಕ್ಕೂ ಒಂದೇ ಬರೆ" ಎಂದರು. ಏಳು ಸಾಲಿನಲ್ಲಿ ಒಂದೇ ಅಂಕಿ ಬರೆದೆ. ಎಂಟನೆಯ ಸಾಲಿನಲ್ಲಿ ಬೆಲೆ ಇಲ್ಲ. ಅದು ಸ್ನೇಹಿತರು ತಾವೇ ಆರಿಸಿಕೊಂಡು ಹೋದ ಹಳದಿ ಮರಿ.