ಕೊಡಿಯಾಲ್‌ಬೈಲಿನಲ್ಲಿ ‘ವರ್ಷದ ಮೊದಲ ಚಿಟ್ಟೆ’

ಅಪಾರ್ಟ್‌ಮೆಂಟಿನ ಕಂಪೌಂಡು, ಮೂಲೆಯಲ್ಲೊಂದು ಕರಿಬೇವಿನ ಗಿಡ, ಅದರ ಮೇಲೆ ಬಿಳಿ ಚುಕ್ಕಿಯ ಸಾಲಿರುವ ಕಪ್ಪು ಚಿಟ್ಟೆ. ಜನವರಿಯ ಒಂದು ಬೆಳಿಗ್ಗೆ ಮಂಗಳೂರಿನ ಕೊಡಿಯಾಲ್‌ಬೈಲಿನ ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ: ‘ವರ್ಷದ ಮೊದಲ ಚಿಟ್ಟೆ! ಈ ಸಲ ವಸಂತ ಬೇಗ ಬಂತು!’ ಕೆಳಗೆ ಕೈಮುಗಿದ ಇಮೋಜಿಗಳ ಮೆರವಣಿಗೆ.

ಆ ಚಿಟ್ಟೆ ಕಾಮನ್ ಮಾರ್ಮನ್. ಡಿಸೆಂಬರಿನಲ್ಲೂ ಅದರ ಬಳಗ ಅಲ್ಲೇ ಹಾರಾಡುತ್ತಿತ್ತು, ನವೆಂಬರಿನಲ್ಲೂ. ತಲೆ ಎತ್ತಿ ನೋಡಿದವರಿರಲಿಲ್ಲ, ಅಷ್ಟೆ.

‘ವಸಂತದ ಮೊದಲ ಚಿಟ್ಟೆ’ ಇಂಗ್ಲೆಂಡಿನಂಥ ಚಳಿದೇಶದ ಸರಕು. ಅಲ್ಲಿನ ಚಳಿಯಲ್ಲಿ ಬಿಸಿಲಿಗೆ ಮೈಕಾಯಿಸಿಕೊಳ್ಳದೆ ಚಿಟ್ಟೆಗೆ ಹಾರಲಾಗದು. ಅದಕ್ಕೇ ಅಲ್ಲಿನ ಬ್ರಿಮ್‌ಸ್ಟೋನ್ ಚಿಟ್ಟೆ ಚಳಿಗಾಲವಿಡೀ ಎಲೆಗಳ ಮರೆಯಲ್ಲಿ ಮುದುಡಿ ಕೂತಿದ್ದು, ಬಿಸಿಲೇರಿದೊಡನೆ ಹೊರಬೀಳುತ್ತದೆ. ಹಾಗೆ ನೋಡಿದರೆ ಅಲ್ಲಿನ ‘ಮೊದಲ’ ಚಿಟ್ಟೆಯೂ ಹಿಂದಿನ ವರ್ಷ ಹುಟ್ಟಿದ್ದೇ! ಆದರೂ ಅವರು ‘ಬೇಗ ಬಂತು’ ಎಂದರೆ ಒಪ್ಪಬಹುದು. 1976ರಿಂದ ವಾರವಾರದ ಎಣಿಕೆಯ ದಾಖಲೆ ಇಟ್ಟಿದ್ದಾರೆ.

ಮಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವದಲ್ಲೂ ಉಷ್ಣಾಂಶ 20 ಡಿಗ್ರಿಯ ಆಸುಪಾಸು. ಅಡಗಿ ಕೂರುವಂಥ ಚಳಿ ಎಲ್ಲಿದೆ? ಇಲ್ಲಿನ ಚಿಟ್ಟೆಗಳಿಗೆ ಮಳೆಯೇ ಪಂಚಾಂಗ. ಮಳೆಗೆ ಚಿಗುರು, ಚಿಗುರಿಗೆ ಹುಳು, ಹುಳುವಿನಿಂದ ಚಿಟ್ಟೆ. 2020ರಿಂದ ದೇಶದ ಚಿಟ್ಟೆಪ್ರಿಯರು ನಡೆಸುತ್ತಿರುವ ‘ಬಿಗ್ ಬಟರ್‌ಫ್ಲೈ ಮಂತ್’ ಬೀಳುವುದು ಸೆಪ್ಟೆಂಬರಿನಲ್ಲಿ, ಚೈತ್ರದಲ್ಲಲ್ಲ.

ಋತುವಿನ ಗುರುತು ಬೇಕೇ? ರೆಕ್ಕೆಯ ಅಡಿಭಾಗ ನೋಡಬೇಕು. ಪೀಕಾಕ್ ಪ್ಯಾನ್ಸಿ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಮಳೆಗಾಲದಲ್ಲಿ ರೆಕ್ಕೆ ಮಡಚಿದರೆ ಅಡಿಯಲ್ಲಿ ದುಂಡು ಕಣ್ಣುಗಳು ಎದ್ದು ಕಾಣುತ್ತವೆ. ಒಣಗಾಲದಲ್ಲಿ ಹುಟ್ಟಿದ್ದರ ಅಡಿಭಾಗದಲ್ಲಿ ಆ ಕಣ್ಣುಗಳು ಮಾಯ. ರೆಕ್ಕೆಯ ತುದಿ ಚೂಪಾಗಿ, ನಡುವೆ ಎಲೆಯ ನರದಂಥ ಗೆರೆ ಮೂಡಿ, ಇಡೀ ಚಿಟ್ಟೆಯೇ ತರಗೆಲೆಯಾಗಿರುತ್ತದೆ. ಒಂದೇ ಜಾತಿ, ಎರಡು ವೇಷ. ಫೋಟೊಗ್ರಾಫರುಗಳೋ, ರೆಕ್ಕೆ ಬಿಚ್ಚಿದಾಗಿನ ಚೆಂದಕ್ಕೆ ಮರುಳಾಗಿ ಈ ಪುರಾವೆಯನ್ನೇ ಬಿಟ್ಟುಬಿಡುತ್ತಾರೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಚಿಟ್ಟೆಯ ಪುಡಿ ತಾಗಿದರೆ ಕಣ್ಣು ಕುರುಡಾಗುವುದಿಲ್ಲ; ಅದು ರೆಕ್ಕೆಯಿಂದ ಉದುರಿದ ಪುಟ್ಟ ಹುರುಪೆ. ಚಿಟ್ಟೆಯ ಆಯಸ್ಸು ಒಂದೇ ದಿನವಲ್ಲ. ಹಲವು ಜಾತಿಗಳು ವಾರಗಟ್ಟಲೆ ಬದುಕುತ್ತವೆ. ‘ಹಾವಿನ ತಲೆಯ ಚಿಟ್ಟೆ’ ಎಂದು ಸುದ್ದಿಯಾಗುವುದು ಅಟ್ಲಾಸ್ ಪತಂಗ. ಬೆಳೆದ ಮೇಲೆ ಉಣ್ಣಲು ಬಾಯೇ ಇಲ್ಲದ ಪಾಪದ ಜೀವಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಭಾರತದಲ್ಲೇ ಅತಿ ದೊಡ್ಡದೆಂಬ ಮಾತೂ ಹಳತಾಯಿತು: ಅದರ 190 ಮಿ.ಮೀ. ದಾಖಲೆಯನ್ನು ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಒಂದು 194 ಮಿ.ಮೀ. ರೆಕ್ಕೆಯಿಂದ ಮುರಿದದ್ದು 2020ರಲ್ಲಿ ವರದಿಯಾಯಿತು.

ಅಂಗಳದಲ್ಲಿ ಇರುವುದನ್ನು ನೋಡದೆ, ಮೊಬೈಲಿಗೆ ಬಂದದ್ದನ್ನು ನಂಬುವ ಚಾಳಿಯೇ ಇದಕ್ಕೆಲ್ಲ ಮೂಲ. ಹಿಮ ಕರಗಿ ಹೂವರಳುವ ಚಿತ್ರ ಹಾಕಿ ಯುಗಾದಿಗೆ ಶುಭ ಕೋರುವವರು ಕರಾವಳಿಯಲ್ಲೂ ಇದ್ದಾರೆ! ಆ ಗುಂಪಿನಲ್ಲಿ ಯಾವ ವರ್ಷ ಚಿಟ್ಟೆ ಯಾವಾಗ ಕಂಡಿತ್ತೆಂದು ಬರೆದಿಟ್ಟವರಿಲ್ಲ. ಬೇಗ ಬಂತೆಂದು ಸಾರುವವರಿಗೆ ಬರವಿಲ್ಲ.

ಮುಂದಿನ ಫೋಟೊದ ಜೊತೆ ತಾರೀಕು, ಜಾಗ, ರೆಕ್ಕೆಯ ಅಡಿಭಾಗ ಮೂರೂ ಇರಲಿ. ಹಾಗೆಯೇ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳುವಿದ್ದರೆ ಔಷಧಿ ಹೊಡೆಯಬೇಡಿ. ಅದು ಕಾಮನ್ ಮಾರ್ಮನ್ ಮರಿ ಇರಬಹುದು.