ಬಿಸಿಲಿನ ಬಟ್ಟಿಯಿಂದ ಕುಡಿಯುವ ನೀರು

ತುಮಕೂರಿಗೆ ಸಮೀಪದ ದೇವರಾಯನದುರ್ಗದ ಬೆಟ್ಟಗಳು ಎರಡು ನದಿಗಳಿಗೆ ತವರು. ಶಿಂಷೆಯು ಇಲ್ಲಿಂದ ದಕ್ಷಿಣಕ್ಕಿಳಿದು ಕಾವೇರಿಯನ್ನೂ, ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನೂ ಸೇರುವುವು. ಬೆಟ್ಟದ ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯೊಳಗಿನಿಂದಲೇ ನೀರು ಒಸರುವುದನ್ನು ಯಾತ್ರಿಕರು ಬಲ್ಲರು. ಆದರೆ ಜಯಮಂಗಲಿಯ ಹಾದಿ ಹಿಡಿದು ಕೊರಟಗೆರೆ, ಮಧುಗಿರಿಗಳ ಕಡೆಗೂ, ಅದರಾಚೆ ಪಾವಗಡದ ಕಡೆಗೂ ನಡೆದರೆ ಸ್ಥಿತಿಯು ಬೇರೆ. ಅಲ್ಲಿ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿರುವುದು.

ಕುಡಿಯುವ ನೀರಿನಲ್ಲಿ ಈ ಅಂಶವು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದೆಂದೂ, ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುವುದು. ದೊಡ್ಡವರ ಕೀಲುಗಳು ಬಿಗಿದು ಬೆನ್ನು ಬಾಗುವುದು. ನೀರನ್ನು ಕಾಯಿಸಿದರೆ ದೋಷ ಹೋಗುವುದೆಂದು ಕೆಲವರು ನಂಬಿರುವರು. ಇದು ತಪ್ಪು. ಕಾಯಿಸಿದಾಗ ನೀರು ಮಾತ್ರ ಆವಿಯಾಗಿ ಹೋಗಿ, ಲವಣವು ಪಾತ್ರೆಯಲ್ಲಿಯೇ ಉಳಿದು ಮತ್ತಷ್ಟು ಸಾಂದ್ರವಾಗುವುದು.

ಬಟ್ಟಿಯ ತತ್ತ್ವ

ಆ ಆವಿಯನ್ನೇ ಹಿಡಿದರೆ ಶುದ್ಧೋದಕವು ದೊರೆಯುವುದು. ಎಸರಿಟ್ಟ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವ ನೀರಿನಲ್ಲಿ ಉಪ್ಪು ಇರುವುದಿಲ್ಲ. ಬಿಸಿಲಿನ ಬಟ್ಟಿಯೂ ಇಂಥದೇ: ಕಪ್ಪುಬಣ್ಣದ ತಗ್ಗಾದ ತೊಟ್ಟಿ, ಅದರ ಮೇಲೆ ಇಳಿಜಾರಾದ ಗಾಜು, ಗಾಜಿನ ಕೆಳಅಂಚಿನಲ್ಲಿ ಹನಿಗಳನ್ನು ಹಿಡಿಯುವ ಕಾಲುವೆ. ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ 1872ರಲ್ಲಿಯೇ ಇಂಥ ಬಟ್ಟಿಗಳನ್ನು ಸಾಲಾಗಿ ಕಟ್ಟಿ, ದಿನಕ್ಕೆ 20,000 ಲೀಟರಿಗೂ ಮಿಕ್ಕಿ ನೀರನ್ನು ಇಳಿಸಿದರು. ನಮ್ಮ ದೇಶದಲ್ಲಿ 1954ರಲ್ಲಿ ಭಾವನಗರದಲ್ಲಿ ಆರಂಭವಾದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು ಈ ವಿಷಯದಲ್ಲಿ ಬಹಳ ಕೆಲಸ ಮಾಡಿದೆ.

ಆದರೆ ಇಳುವರಿಯು ಅಲ್ಪ. ಒಂದು ಚದರ ಮೀಟರ್ (ಸುಮಾರು 11 ಚದರಡಿ) ಬಟ್ಟಿಯಿಂದ ಒಳ್ಳೆಯ ಬಿಸಿಲಿನ ದಿನ 2ರಿಂದ 4 ಲೀಟರು ಮಾತ್ರ ಇಳಿಯುವುದು. ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಬೇಕಾದ ಶಾಖದ ಸುಮಾರು ಏಳರಷ್ಟು ಶಾಖವು ಅದನ್ನು ಆವಿಯಾಗಿಸುವುದಕ್ಕೆ ಬೇಕಾಗುವುದೇ ಇದಕ್ಕೆ ಕಾರಣ. ಆದಕಾರಣ ಶಾಖವನ್ನು ಉಳಿಸುವುದರಲ್ಲಿಯೇ ಸುಧಾರಣೆಯೆಲ್ಲ ಅಡಗಿದೆ.

ಸುಧಾರಣೆಯ ಕ್ರಮ

ತೊಟ್ಟಿಯಲ್ಲಿ ನೀರು ಒಂದು ಅಂಗುಲಕ್ಕಿಂತ ಆಳವಾಗಿರಬಾರದು; ತೆಳುವಾದ ನೀರು ಬೇಗನೆ ಕಾಯುವುದು. ತಳದ ಕೆಳಗೆ ಹೊಟ್ಟು ಮುಂತಾದ ಶಾಖತಡೆಯ ವಸ್ತುವನ್ನು ಒಣದಾಗಿ ತುಂಬತಕ್ಕದ್ದು. ಗಾಜು ದಕ್ಷಿಣಕ್ಕೆ ಮುಖವಾಗಿ ನಾಲ್ಕು ಅಡಿಗೆ ಒಂದು ಅಡಿಯಂತೆ ಇಳಿಜಾರಾಗಿರಲಿ. ಇಳಿಜಾರು ಕಡಿಮೆಯಾದರೆ ಹನಿಗಳು ಮರಳಿ ತೊಟ್ಟಿಗೇ ಬೀಳುವುವು. ಸಂದುಗಳಲ್ಲಿ ಆವಿ ಸೋರಿದರೆ ಶ್ರಮವೆಲ್ಲ ವ್ಯರ್ಥ. ಗಾಜಿನ ಧೂಳನ್ನು ಆಗಾಗ್ಗೆ ಒರೆಸತಕ್ಕದ್ದು. ತೊಟ್ಟಿಗೆ ಟಾರು ಬಳಿದರೆ ನೀರು ವಾಸನೆ ಹಿಡಿಯುವುದು. ಲವಣವು ಗಟ್ಟಿಗೊಳ್ಳದಂತೆ ಹಳೆಯ ನೀರನ್ನು ಹೊರಗೆ ಹಾಯಿಸುತ್ತಿರಬೇಕು. ಈ ನೀರನ್ನು ದನಗಳ ಬಾನಿಗೆ ಬಿಡಕೂಡದು.

ಗಾಜಿಗೆ ತಗಲಿ ಆವಿಯು ಬಿಟ್ಟುಕೊಡುವ ಶಾಖವನ್ನು ಮೇಲಿನ ಇನ್ನೊಂದು ಪದರದ ನೀರನ್ನು ಕಾಯಿಸಲು ಬಳಸುವುದು ಹೊಸ ಉಪಾಯ. ಅಮೆರಿಕ ಮತ್ತು ಚೀನಾ ದೇಶಗಳ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಹತ್ತು ಅಂತಸ್ತಿನ ಯಂತ್ರವು ಪ್ರಯೋಗದಲ್ಲಿ ಚದರ ಮೀಟರಿಗೆ ಗಂಟೆಯೊಂದರಲ್ಲಿ 5.78 ಲೀಟರು ಕೊಟ್ಟಿತು.

ಬಟ್ಟಿಯ ನೀರಿಗೆ ಬಾವಿಯ ನೀರನ್ನು ಅಳತೆಯಿಂದ ಬೆರೆಸಿದರೂ ಲಾಭವುಂಟು. ಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ, ಅದರ ಒಂದು ಪಾಲನ್ನು ಬಟ್ಟಿಯ ಮೂರು ಪಾಲು ನೀರಿಗೆ ಸೇರಿಸಿದಲ್ಲಿ 0.75 ಮಿಲಿಗ್ರಾಮಿಗೆ ಇಳಿಯುವುದು, ರುಚಿಯೂ ಬರುವುದು. ಆದರೆ ಬಾವಿಯ ನೀರು ರೋಗಾಣುಗಳಿಲ್ಲದೆ, ಪರೀಕ್ಷೆಯಾಗಿರಬೇಕು.

ಮಿತಿಯನ್ನರಿತು ನಡೆಯುವುದು

ಈ ಬಟ್ಟಿಯು ಹೊಲಕ್ಕಾಗಲಿ, ಇಡೀ ಊರಿಗಾಗಲಿ ಸಾಲದು. ನೂರು ಚದರಡಿಯ ಬಟ್ಟಿಯು ಬಿಸಿಲಿನ ದಿನ ಸುಮಾರು 25 ಲೀಟರು ಕೊಡುವುದು. ಅಷ್ಟೇ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಸುರಿದರೆ ಸುಮಾರು 230 ಲೀಟರು ದೊರೆಯುವುದು. ಆದಕಾರಣ ಮಳೆಯ ನೀರನ್ನು ಹಿಡಿದಿಡುವುದು ಮೊದಲ ಕರ್ತವ್ಯ. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕವಿದ್ದಲ್ಲಿ ಅದನ್ನು ಸುಸ್ಥಿತಿಯಲ್ಲಿಡುವುದು ಎರಡನೆಯದು. ಸಂಗ್ರಹಿಸಿದ ಮಳೆನೀರು ಮುಗಿದ ಬೇಸಗೆಯಲ್ಲಿ, ವಿದ್ಯುತ್ತು ಕೈಕೊಟ್ಟ ದಿನಗಳಲ್ಲಿ, ಒಂಟಿ ತೋಟದ ಮನೆಗಳಿಗೂ ಚಿಕ್ಕ ಮಕ್ಕಳಿಗೂ ಬಿಸಿಲಿನ ಬಟ್ಟಿಯು ಆಸರೆಯಾಗಬಲ್ಲುದು. ನೀರು ಬತ್ತುವ ತಿಂಗಳುಗಳಲ್ಲಿಯೇ ಬಿಸಿಲು ಪ್ರಖರವಾಗಿರುವುದು ಇದರ ವಿಶೇಷ ಗುಣ.

ಊರಿನ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಬಾವಿಗಳ ನೀರನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು. ದೋಷವು ಕಂಡುಬಂದಲ್ಲಿ ಶಾಲೆಯ ಆವರಣದಲ್ಲಿ ಒಂದು ಬಟ್ಟಿಯನ್ನು ಕಟ್ಟಿಸಿ, ಪ್ರತಿದಿನ ಇಳಿದ ನೀರನ್ನು ಅಳೆದು ಬರೆದಿಡಿಸಿದರೆ, ಒಂದು ಬೇಸಗೆಯಲ್ಲಿಯೇ ಅದರ ಯೋಗ್ಯತೆಯು ಊರಿಗೆಲ್ಲ ತಿಳಿಯುವುದು. ಒಮ್ಮೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧಿಯಿಲ್ಲ. ಬಾಗದಂತೆ ಕಾಯುವುದೊಂದೇ ನಮ್ಮ ಕೈಯಲ್ಲಿರುವುದು.