ಹೆಪ್ಪಿನಂತಲ್ಲ ಈ ಅಂಟು

ಮಕ್ಕಳೇ, ಶಿವಮೊಗ್ಗದ ಹತ್ತಿರ ಸಕ್ರೆಬೈಲಿನಲ್ಲಿ ಬೆಳಿಗ್ಗೆ ತುಂಗೆಯಲ್ಲಿ ಮೀಯುವ ಆನೆಗಳನ್ನು ನೋಡಿದ್ದೀರಾ? ಆನೆಗೆ ಬಿದಿರೆಂದರೆ ಬಲು ಇಷ್ಟ. ಅದೇ ಬಿದಿರು ಬಿಲ್ಲಿಗೂ ಒಳ್ಳೆಯದು.

ಬಿಲ್ಲನ್ನು ಎಳೆದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಿದಿರಿನ ನಾರು ಹಿಗ್ಗಿದರೂ ಸುಲಭವಾಗಿ ಹರಿಯದು. ಅದಕ್ಕೇ ಹೊರಗೆ ಬಿದಿರಿನ ಪಟ್ಟಿ, ಒಳಗೆ ಮರದ ಪಟ್ಟಿ ಇಟ್ಟು ಅಂಟಿಸುತ್ತಾರೆ. ಅಂಟು ಬಿಟ್ಟರೆ ಎಳೆದ ಬಿಲ್ಲು ಮುಖದೆದುರೇ ಸಿಡಿದೀತು!

ಆ ಅಂಟು ಎಪಾಕ್ಸಿ. ಅದರಲ್ಲಿ ಎರಡು ಭಾಗ: ರೆಸಿನ್ ಮತ್ತು ಹಾರ್ಡನರ್. ಹೆಪ್ಪು ಹೆಚ್ಚಾದರೆ ಮೊಸರು ಬೇಗ ಆಗುತ್ತದೆಂದು ಅಜ್ಜಿಗೆ ಗೊತ್ತು. ಇಲ್ಲಿ ಆ ಲೆಕ್ಕ ನಡೆಯದು. ಹೆಪ್ಪಿನ ಜೀವಾಣುಗಳು ಹಾಲಿನಲ್ಲಿ ಬೆಳೆಯುತ್ತವೆ. ಹಾರ್ಡನರ್ ಬೆಳೆಯುವುದಿಲ್ಲ, ರೆಸಿನ್ ಜೊತೆ ಕೂಡಿಕೊಳ್ಳುತ್ತದೆ. ಜೊತೆ ಸಿಗದೆ ಉಳಿದದ್ದು ಅಂಟಿನ ಬಲ ಕುಗ್ಗಿಸುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಅಳತೆಯೇ ಅಳತೆ. ಅದು ತೂಕದ್ದೋ, ಗಾತ್ರದ್ದೋ ನೋಡಿಕೊಳ್ಳಿ.

ಬೆರೆತ ಅಂಟು ತಾನೇ ಬಿಸಿಯಾಗುತ್ತದೆ. ಆಳವಾದ ಲೋಟದಲ್ಲಿ ಬಹಳ ಕಲಸಿಟ್ಟರೆ ಹೊಗೆಯಾಡಿ ಬೇಗ ಗಟ್ಟಿಯಾಗಬಹುದು. ಅಗಲವಾದ ತಟ್ಟೆಯಲ್ಲಿ ಹರಡಿದರೆ ನಿಧಾನವಾಗಿ ಬಳಿಯಬಹುದು. ತಳ, ಅಂಚು ಕೆರೆದು ಕಲಸಬೇಕು. ಚರ್ಮಕ್ಕೆ ತಾಗಬಾರದು, ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು.

ಕಲಸುವ ಕೆಲಸ ಅಜ್ಜನದು. ಅಳತೆ ಓದಿ ಹೇಳುವ ಕೆಲಸ ನಿಮ್ಮದು!